ಬೇಸಿಗೆ ರಜೆಗೆ ಹಿಮಾಲಯ ಹತ್ತೋರಿಗೆ: ಹಿಮ ಎಷ್ಟು ಗಂಟೆವರೆಗೆ ನಿಂತಿರತ್ತೆ ಅಂತ ತಿಳ್ಕೊಳೋದು ಹೇಗೆ

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ನಮ್ಮ ಕಡೆಯಿಂದ ಹಿಮಾಲಯಕ್ಕೆ ಹೋಗೋ ಜನ ನೋಡಿದ್ರೆ ಹಿಮಾಚಲದ ಕಸೋಲ್‌ನ ಟೀ ಅಂಗಡಿಯವನಿಗೂ ಇಷ್ಟೊತ್ತಿಗೆ ನಾಕು ಕನ್ನಡ ಮಾತು ಬರ್ತಿರ್ಬೇಕು. ಸಾರ್ ಪಾಸ್, ರೂಪಿನ್ ಪಾಸ್, ಬುರಾನ್ ಘಾಟಿ, ಸ್ವಲ್ಪ ಧೈರ್ಯ ಜಾಸ್ತಿ ಇರೋರು ಫ್ರೆಂಡ್‌ಶಿಪ್ ಪೀಕ್. ಹೋಗೋರೆಲ್ಲ ಶೂ ಯಾವ್ದು ತಗೊಳ್ಳಲಿ ಅಂತ ಕೇಳ್ತಾರೆ, ಪೊಂಚೋ ಬೇಕಾ ಕೇಳ್ತಾರೆ, ಮೇಲೆ ಚಾರ್ಜಿಂಗ್ ಸಿಗತ್ತಾ ಕೇಳ್ತಾರೆ. ನಾವು ನಡೆಯೋ ಹಿಮ ಎಷ್ಟು ಗಂಟೆವರೆಗೆ ಇದ್ದಲ್ಲೇ ಇರತ್ತೆ ಅಂತ ಮಾತ್ರ ಯಾರೂ ಕೇಳಲ್ಲ. ನಾನೂ ಕೇಳಿರ್ಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ಮೇ ತಿಂಗಳ ಟ್ರೆಕ್, ಕಂಪನಿ ಹೆಸರು ಬೇಡ ಬಿಡಿ, ಪಾಸ್ (ಬೆಟ್ಟಸಾಲನ್ನ ಈ ಕಡೆಯಿಂದ ಆ ಕಡೆಗೆ ದಾಟೋ ಎತ್ತರದ ಜಾಗ) ದಾಟೋ ದಿನ ಬೆಳಗಿನ ಜಾವ 3ಕ್ಕೆ ಹೊರಡ್ಬೇಕಿತ್ತು, ರಾತ್ರಿಯೆಲ್ಲ ಮೋಡ, ಬೆಳಗ್ಗೆ ತಿಂಡಿ ಲೇಟು, ಯಾರದೋ ಗೇಟರ್ ಕಾಣಿಸ್ತಿಲ್ಲ, ಹೀಗೆ ಆರೂವರೆ ಆಯ್ತು. 11 ಗಂಟೆಗೆ ನಾವು ಕಡಿದಾದ ಒಂದು ನಾಲಾ (ಬೆಟ್ಟದ ಹಳ್ಳ) ಒಳಗೆ ಮೊಣಕಾಲುದ್ದ ಹಿಮದಲ್ಲಿ ಹೂತ್ಕೊಂಡು ಹತ್ತುತಾ ಇದ್ವಿ, ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಹಿಮದ ಉಂಡೆಗಳು ಉರುಳ್ಕೊಂಡು ಬರ್ತಿದ್ವು, ಅದರ ಹಿಂದೆ ಚಕ್ಕುಲಿ ಥರ ಸುತ್ಕೊಂಡು ಇನ್ನೊಂದಷ್ಟು. ಎಷ್ಟು ಚೆನ್ನಾಗಿದೆ ಅಂತ ನಾವು ವಿಡಿಯೋ ಮಾಡ್ತಿದ್ವಿ. ಆ ಉಂಡೆಗಳು ಏನು ಹೇಳ್ತಿದ್ವು ಅಂತ ಗೊತ್ತಾಗಿದ್ದು ಊರಿಗೆ ಬಂದು ಇದರ ಬಗ್ಗೆ ಓದಿದ ಮೇಲೆ. ಅವತ್ತು ಏನೂ ಆಗ್ಲಿಲ್ಲ, ಅದೃಷ್ಟ ಅಷ್ಟೇ.

ಮೊದಲು ಒಂದು ಪದದ ತಕರಾರು. ನಮ್ಮ ಪೇಪರ್‌ಗಳಲ್ಲಿ ಹಿಮ ಬೀಳೋದಕ್ಕೂ ಹಿಮಪಾತ, ಬೆಟ್ಟದ ಮೇಲಿಂದ ಹಿಮದ ರಾಶಿ ಜಾರಿ ಬರೋದಕ್ಕೂ ಹಿಮಪಾತ ಅಂತಾನೇ ಬರೀತಾರೆ. ಒಂದು ಫೋಟೋ ತೆಗೆಯೋ ವಿಷಯ, ಇನ್ನೊಂದು ಓಡೋ ವಿಷಯ. ನಾನಿಲ್ಲಿ ಎರಡನೇದಕ್ಕೆ ಹಿಮಕುಸಿತ ಅಂತೀನಿ. ಅಲ್ಲಿನ ಲೋಕಲ್ ಜನ ಇದನ್ನ ಸಾಮಾನ್ಯವಾಗಿ 'ಗ್ಲೇಶಿಯರ್ ಆಯಾ' ಅಂತಾರೆ, ಅವರು ಗ್ಲೇಶಿಯರ್ ಅಂದ್ರೆ ದೊಡ್ಡ ನೀರ್ಗಲ್ಲ ನದಿ ಅಂತ ತಿಳ್ಕೋಬೇಡಿ, ನಿಮ್ಮ ದಾರಿ ಮೇಲೆ ಹಿಮ ಕುಸಿದು ಬಂದಿದೆ ಅಂತ ಅರ್ಥ.

ಹೆಜ್ಜೆ 1: ಬೇಸಿಗೆ ಹಿಮದ ಸ್ವಭಾವ ಅರ್ಥ ಮಾಡ್ಕೊಳ್ಳಿ

ಜನವರಿಯಲ್ಲಿ ಹಿಮ ಕುಸಿಯೋದು ಹೆಚ್ಚಾಗಿ ಹೊಸ ಹಿಮದ ಭಾರಕ್ಕೆ, ಗಾಳಿ ತಂದು ಒಟ್ಟಿದ ಹಲಗೆಯಂಥ ಹಿಮದ ಪದರಕ್ಕೆ, ಒಳಗೆ ಸಕ್ಕರೆ ಥರ ಪುಡಿಪುಡಿಯಾಗಿರೋ ದುರ್ಬಲ ಪದರಕ್ಕೆ. ಬೇಸಿಗೆಯಲ್ಲಿ ಮುಖ್ಯ ಪಾತ್ರಧಾರಿ ನೀರು. ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ಒಳಗೆ ಇಳಿಯತ್ತೆ, ಹಿಮದ ಕಾಳುಗಳನ್ನ ಹಿಡ್ಕೊಂಡಿರೋ ಅಂಟು ಬಿಟ್ಟು ಹೋಗತ್ತೆ. ರಾತ್ರಿ ಮತ್ತೆ ಹೆಪ್ಪುಗಟ್ಟತ್ತೆ, ಬೆಳಗ್ಗೆ ಸಿಮೆಂಟ್ ರೋಡ್ ಥರ ಗಟ್ಟಿ. ಹೀಗೆ ಹಲವು ದಿನ ಕರಗಿ ಗಟ್ಟಿಯಾಗಿ ಕರಗಿ ಗಟ್ಟಿಯಾಗಿ ಹಿಮ ಹರಳುಪ್ಪಿನ ಥರ ಕಾಳುಕಾಳಾಗತ್ತೆ. ಇದು ಬೆಳಗ್ಗೆ 5ಕ್ಕೆ ನಂಬಿಕಸ್ಥ, ಮಧ್ಯಾಹ್ನ 12ಕ್ಕೆ ಅದೇ ಜಾಗ ನೆನೆಸಿಟ್ಟ ಸಬ್ಬಕ್ಕಿ. ಒಂದೇ ಇಳಿಜಾರು, ಏಳು ಗಂಟೆ ವ್ಯತ್ಯಾಸ.

ಒದ್ದೆ ಹಿಮ ಒಣ ಹಿಮಕ್ಕಿಂತ ನಿಧಾನಕ್ಕೆ ಬರತ್ತೆ ಅನ್ನೋದು ನಿಜ, ಆದ್ರೆ ತೂಕ ನೋಡಿ: ಕುಸಿದು ಬಂದು ನಿಂತ ಒದ್ದೆ ಹಿಮ ಒಂದು ಘನ ಮೀಟರ್‌ಗೆ ಸುಮಾರು ಅರ್ಧ ಟನ್ ತೂಗತ್ತೆ. ಸೊಂಟದವರೆಗೆ ಸಿಕ್ಕಿಕೊಂಡ್ರೂ ನಿಮ್ಮ ಕಾಲನ್ನ ನೀವೇ ಎಳ್ಕೊಳೋಕೆ ಆಗಲ್ಲ.

ಇದಕ್ಕೆಲ್ಲ ಮೂಲ ಪ್ರಶ್ನೆ ಒಂದೇ. ನಿನ್ನೆ ರಾತ್ರಿ ಹಿಮ ಗಟ್ಟಿಯಾಯ್ತಾ ಇಲ್ವಾ? ಈ ಲೇಖನದಲ್ಲಿ ಬೇರೆಲ್ಲ ಮರೆತ್ರೂ ಪರವಾಗಿಲ್ಲ, ಇದೊಂದು ನೆನಪಿಟ್ಕೊಳ್ಳಿ. ಗೈಡ್‌ಗೆ ಹಿಂದಿಯಲ್ಲಿ ಕೇಳೋದಾದ್ರೆ 'ರಾತ್ ಕೋ ಬರಫ್ ಜಮೀ ಕ್ಯಾ?' ಅಷ್ಟು ಸಾಕು.

ಹೆಜ್ಜೆ 2: ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಕೇಳಿ

ಪಾಸ್ ದಿನ ಎಷ್ಟು ಗಂಟೆಗೆ ಹೊರಡ್ತೀರಿ, ಕಡಿದಾದ ಹಿಮ ಎಷ್ಟು ಗಂಟೆಯೊಳಗೆ ದಾಟ್ತೀರಿ, ಎಷ್ಟು ಗಂಟೆ ಆದ್ರೆ ವಾಪಸ್ ತಿರುಗ್ತೀರಿ, ಹವಾಮಾನ ಕೆಟ್ರೆ ಕಾಯೋಕೆ ಒಂದು ದಿನ ಎಕ್ಸ್‌ಟ್ರಾ ಇಟ್ಟಿದೀರಾ, ಹಗ್ಗ ಐಸ್ ಆಕ್ಸ್ ಶವೆಲ್ ಯಾರ ಹತ್ರ ಇರತ್ತೆ. ಸಾರ್ ಪಾಸ್‌ಗೆ ನಗಾರು ಕ್ಯಾಂಪಿಂದ ಕತ್ತಲಲ್ಲೇ ಎಬ್ಬಿಸಿ ಹೊರಡಿಸ್ತಾರಲ್ಲ, ಜನ ಬೈಕೊಳ್ತಾರೆ, ಅದಕ್ಕೆ ಕಾರಣ ಇದೇ. 'ಅದೆಲ್ಲ ನೋಡ್ಕೋತೀವಿ ಸರ್, ಟೆನ್ಷನ್ ಮಾಡ್ಕೋಬೇಡಿ' ಅನ್ನೋ ಉತ್ತರ ಬಂದ್ರೆ ನಾನಾದ್ರೆ ಅಲ್ಲಿ ಬುಕ್ ಮಾಡಲ್ಲ.

ನೀವೇ ನಿಮ್ಮ ಗೆಳೆಯರ ಗುಂಪು ಕಟ್ಕೊಂಡು ಹೋಗೋರಾದ್ರೆ ಗುಂಪಲ್ಲಿ ಒಬ್ಬರಾದ್ರೂ ಉತ್ತರಕಾಶಿಯ ನಿಮ್ (ನೆಹರು ಪರ್ವತಾರೋಹಣ ಸಂಸ್ಥೆ) ಅಥವಾ ಮನಾಲಿ, ಡಾರ್ಜಿಲಿಂಗ್ ಸಂಸ್ಥೆಗಳ ಬೇಸಿಕ್ ಮೌಂಟೆನಿಯರಿಂಗ್ ಕೋರ್ಸ್ ಮಾಡಿರ್ಲಿ. ಮುಳ್ಳಯ್ಯನಗಿರಿ, ಕುಮಾರ ಪರ್ವತ ಹತ್ತಿದ ಕಾಲಿನ ಶಕ್ತಿ ಅಲ್ಲಿ ಕೆಲಸಕ್ಕೆ ಬರತ್ತೆ, ಆದ್ರೆ ಹಿಮ ಓದೋದನ್ನ ನಮ್ಮ ಪಶ್ಚಿಮ ಘಟ್ಟ ಕಲಿಸಲ್ಲ.

ಹೆಜ್ಜೆ 3: ಹೊರಡೋ ವಾರ ಹವಾಮಾನ ನೋಡಿ

ಚಂಡೀಗಢದಲ್ಲಿ ಡಿಆರ್‌ಡಿಒದ ಡಿಜಿಆರ್‌ಇ ಅಂತ ಹಿಮ, ಹಿಮಕುಸಿತದ ಅಧ್ಯಯನ ಮಾಡೋ ಸಂಸ್ಥೆ ಇದೆ, ಮುಂಚೆ ಸಾಸೆ ಅಂತಿದ್ರು, 1969ರಲ್ಲಿ ಶುರುವಾಗಿದ್ದು. ಹಿಮ ಬೀಳೋ ಸೀಸನ್‌ನಲ್ಲಿ ಇವರು ಜಿಲ್ಲಾವಾರು ಹಿಮಕುಸಿತದ ಎಚ್ಚರಿಕೆ ಕೊಡ್ತಾರೆ, ಅಪಾಯದ ಮಟ್ಟ 1ರಿಂದ 5. ಜನ 4, 5 ಅಂದ್ರೆ ಹೆದರ್ತಾರೆ, 3 ಅಂದ್ರೆ ಮಧ್ಯಮ ತಾನೇ ಅಂತ ಹೊರಡ್ತಾರೆ. 3 ಅಂದ್ರೆ ಕೆಲವು ಇಳಿಜಾರುಗಳಲ್ಲಿ ಒಬ್ಬ ಮನುಷ್ಯನ ಭಾರಕ್ಕೇ ಹಿಮ ಜಾರಬಹುದು ಅಂತ, ಪರೀಕ್ಷೆಯಲ್ಲಿ ಸೆಕೆಂಡ್ ಕ್ಲಾಸ್ ಬಂದ ಹಾಗಲ್ಲ. ಈ ಎಚ್ಚರಿಕೆಗಳು ಮುಖ್ಯವಾಗಿ ಜಿಲ್ಲೆ ಮತ್ತು ಎತ್ತರದ ಲೆಕ್ಕದಲ್ಲಿ ಇರತ್ತೆ, ನಿಮ್ಮ ಟ್ರೆಕ್‌ನ ಆ ಒಂದು ನಾಲಾ ಬಗ್ಗೆ ಯಾರೂ ಬರೆದಿರಲ್ಲ, ಅದು ನಿಮ್ಮ ಕಣ್ಣಿನ ಕೆಲಸ.

ನೋಡ್ಬೇಕಾದ್ದು ಮೂರು. ಒಂದು, ವೆಸ್ಟರ್ನ್ ಡಿಸ್ಟರ್ಬೆನ್ಸ್ (ಪಶ್ಚಿಮದಿಂದ ಮಳೆ, ಹಿಮ ಹೊತ್ತು ತರೋ ಹವಾಮಾನ) ಬರ್ತಿದೆಯಾ. ಏಪ್ರಿಲ್ ಮೇನಲ್ಲೂ ಇದು ಬಂದು ಒಂದು ಅಡಿ ಹೊಸ ಹಿಮ ಸುರಿದು ಹೋಗತ್ತೆ, ಮರುದಿನ ಆಕಾಶ ನೀಲಿ, ಬಿಸಿಲು ಝಳಝಳ, ಎಲ್ಲರಿಗೂ ಖುಷಿ, ಅದೇ ಅತಿ ಕೆಟ್ಟ ದಿನ. ಹೊಸ ಹಿಮ ಬಿದ್ದ ಮೇಲೆ ಒಂದೆರಡು ದಿನ ಕಡಿದಾದ ಜಾಗಕ್ಕೆ ಹೋಗದೇ ಇರೋದು ವಾಸಿ. ಎರಡು, ಫ್ರೀಜಿಂಗ್ ಲೆವೆಲ್, ಅಂದ್ರೆ ಎಷ್ಟು ಎತ್ತರದಲ್ಲಿ ಗಾಳಿ ಸೊನ್ನೆ ಡಿಗ್ರಿ ಆಗತ್ತೆ ಅನ್ನೋದು. ನಿಮ್ಮ ಪಾಸ್ 4,200 ಮೀಟರ್ ಇದ್ದು ರಾತ್ರಿನೂ ಫ್ರೀಜಿಂಗ್ ಲೆವೆಲ್ 4,800 ತೋರಿಸ್ತಿದ್ರೆ, ಅದರ ಜೊತೆ ಮೋಡನೂ ಇದ್ರೆ, ಬೆಳಗ್ಗೆ ಗಟ್ಟಿ ಹಿಮ ಸಿಗೋ ಆಸೆ ಬಿಡಿ. ಮೂರು, ಮಳೆ. ಹಿಮದ ಮೇಲೆ ಮಳೆ ಬಿದ್ರೆ ಅವತ್ತು ಟೆಂಟ್‌ನಲ್ಲಿ ಇಸ್ಪೀಟ್ ಆಡಿ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರ ತಾಲ್‌ನಲ್ಲಿ ನಮ್ಮ ರಾಜ್ಯದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರ್ಕೊಂಡ್ರು. ಅದು ಹಿಮಕುಸಿತ ಅಲ್ಲ, ಚಳಿ ಮತ್ತು ಬಿರುಗಾಳಿ. ಆದ್ರೂ ಇಲ್ಲಿ ಯಾಕೆ ಹೇಳ್ದೆ ಅಂದ್ರೆ, ಜೂನ್ ಅಂದ್ರೆ ಬೇಸಿಗೆ, ಏನಾಗತ್ತೆ ಅನ್ನೋ ಲೆಕ್ಕ ನಮ್ಮ ಊರಿನದು, ಆ ಎತ್ತರದ್ದಲ್ಲ.

ಹೆಜ್ಜೆ 4: ರಾತ್ರಿ ಎದ್ದು ಆಕಾಶ ನೋಡಿ

ಹೇಗಿದ್ರೂ ಚಳಿಗೆ ಒಂದ್ಸಲ ಎದ್ದು ಹೊರಗೆ ಹೋಗಲೇಬೇಕಾಗತ್ತೆ, ಆಗ ತಲೆ ಎತ್ತಿ ನೋಡಿ. ನಕ್ಷತ್ರ ಕಾಣ್ತಿದ್ರೆ ಒಳ್ಳೇದು. ನಮ್ಮ ಊರಲ್ಲಿ ಮೋಡ ಇಲ್ಲದ ರಾತ್ರಿ ಇಬ್ಬನಿ ಜಾಸ್ತಿ ಬೀಳತ್ತಲ್ಲ, ನೆಲದ ಬಿಸಿ ಅಡ್ಡಿಯಿಲ್ಲದೆ ಮೇಲಕ್ಕೆ ಹೋಗಿ ನೆಲ ತಣ್ಣಗಾಗತ್ತಲ್ಲ, ಅದೇ ಲೆಕ್ಕ. ಆಕಾಶ ಸ್ವಚ್ಛ ಇದ್ರೆ ಗಾಳಿ ಸೊನ್ನೆಗಿಂತ ಸ್ವಲ್ಪ ಮೇಲಿದ್ರೂ ಹಿಮದ ಮೇಲ್ಮೈ ಗಟ್ಟಿಯಾಗತ್ತೆ. ಮೋಡ ಮುಚ್ಚಿದ್ರೆ ಕಂಬಳಿ ಹೊದಿಸಿದ ಹಾಗೆ, ಬಿಸಿ ಒಳಗೇ ಉಳಿಯತ್ತೆ, ಹಿಮ ಗಟ್ಟಿಯಾಗಲ್ಲ ಅಥವಾ ಮೇಲೆ ಹಪ್ಪಳದಷ್ಟು ತೆಳ್ಳಗೆ ಗಟ್ಟಿಯಾಗಿ ಕೆಳಗೆ ಹಾಗೇ ಒದ್ದೆ. ನಾನು ಶುರುವಲ್ಲಿ ಹೇಳಿದ ಟ್ರೆಕ್‌ನಲ್ಲಿ ರಾತ್ರಿಯೆಲ್ಲ ಮೋಡ ಇತ್ತು ಅಂದೆನಲ್ಲ, ತಿಂಡಿ ಲೇಟ್ ಆಗಿದ್ದಕ್ಕಿಂತ ದೊಡ್ಡ ತಪ್ಪು ಆ ಮೋಡನ ಯಾರೂ ಲೆಕ್ಕಕ್ಕೆ ತಗೊಳ್ದೇ ಇದ್ದಿದ್ದು.

ಬೆಳಗ್ಗೆ ಹೊರಡುವಾಗ ಕ್ಯಾಂಪ್ ಪಕ್ಕದ ಹಿಮಕ್ಕೆ ಹಿಮ್ಮಡಿಯಿಂದ ಜೋರಾಗಿ ಒದ್ದು ನೋಡಿ. ಟಣ್ ಅಂತ ಹಿಮ್ಮಡಿ ನೋವಾದ್ರೆ ಸರಿ. ಟ್ರೆಕ್ಕಿಂಗ್ ಪೋಲ್ ಒತ್ತಿದ್ರೆ ಹಪ್ಪಳ ಒಡೆದು ಸರ್ರಂತ ಅರ್ಧ ಅಡಿ ಒಳಗೆ ಇಳಿದ್ರೆ ನಿಮ್ಮ ಗಡಿಯಾರ ಆಗಲೇ ಎರಡು ಮೂರು ಗಂಟೆ ಮುಂದೆ ಓಡ್ತಿದೆ. ಎರಡು ಮೂರು ರಾತ್ರಿ ಸತತ ಗಟ್ಟಿಯಾಗದೇ ಇದ್ರೆ ನೀರು ತಳದವರೆಗೂ ಇಳಿದಿರತ್ತೆ, ಆಗ ಮೇಲಿನ ಪದರ ಅಲ್ಲ, ಇಡೀ ಹಿಮ ನೆಲದಿಂದ ಬಿಟ್ಕೊಂಡು ಬರಬಹುದು.

ಹೆಜ್ಜೆ 5: ಇಳಿಜಾರು ಅಳೀರಿ, ದಿಕ್ಕು ನೋಡಿ

ಮಲೆನಾಡಿನ ಹಂಚಿನ ಮನೆ ಮಾಡು ಕಣ್ಣಮುಂದೆ ತಂದ್ಕೊಳ್ಳಿ. ಆ ಇಳಿಜಾರೇ ಅಪಾಯದ ಇಳಿಜಾರು. 30ರಿಂದ 45 ಡಿಗ್ರಿ ಒಳಗೆ ಅತಿ ಹೆಚ್ಚು ಹಿಮಕುಸಿತ ಶುರುವಾಗತ್ತೆ. ಅದಕ್ಕಿಂತ ಕಡಿದಾದ್ರೆ ಹಿಮ ಹೆಚ್ಚು ನಿಲ್ಲೋದೇ ಇಲ್ಲ, ಅದಕ್ಕಿಂತ ಚಪ್ಪಟೆಯಾದ್ರೆ ಸಾಮಾನ್ಯವಾಗಿ ಜಾರಲ್ಲ, ನೀರು ತುಂಬಿದ ಹಿಮ ಮಾತ್ರ ಕೆಲವು ಸಲ ಕಮ್ಮಿ ಇಳಿಜಾರಲ್ಲೂ ಹರಿಯತ್ತೆ. ಅಳೆಯೋದು ಸುಲಭ: ಪೋಲನ್ನ ಇಳಿಜಾರಿನ ಉದ್ದಕ್ಕೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು ಲೆವೆಲ್ ಆ್ಯಪ್ ನೋಡಿ. ಮನೇಲೇ ನಾಕು ಸಲ ಮಾಡಿ ಅಭ್ಯಾಸ ಮಾಡ್ಕೊಳ್ಳಿ, ಕಣ್ಣಂದಾಜು ಅಲ್ಲಿ ಮೋಸ ಮಾಡತ್ತೆ. ಮತ್ತೆ, ನೀವು ನಡೀತಿರೋದು ಚಪ್ಪಟೆ ಜಾಗ ಆದ್ರೂ ಮೇಲೆ ಮಾಡು ಇದ್ರೆ ಬೀಳೋದು ನಿಮ್ಮ ತಲೆ ಮೇಲೇ. ಕೆಳಗೆ ನಾಲಾ ಕಿರಿದಾಗಿದ್ರೆ ಬಂದ ಹಿಮ ಅಗಲ ಹರಡಲ್ಲ, ಆಳಕ್ಕೆ ತುಂಬತ್ತೆ, ಸ್ವಲ್ಪ ಹಿಮವೇ ಸಾಕು ಮನುಷ್ಯನ್ನ ಮುಚ್ಚೋಕೆ. ಬೆಟ್ಟದ ಏಣಿನ ತುದಿಯಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಇರತ್ತೆ, ಕಾರ್ನಿಸ್ ಅಂತಾರೆ, ಅದರ ಮೇಲೂ ಕಾಲಿಡ್ಬೇಡಿ, ಬಿಸಿಲೇರಿದ ಮೇಲೆ ಅದರ ಕೆಳಗೂ ನಿಲ್ಬೇಡಿ.

ದಿಕ್ಕಿನ ಲೆಕ್ಕ: ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆತ್ತಗಾಗತ್ತೆ, ಆಮೇಲೆ ದಕ್ಷಿಣ, ಮಧ್ಯಾಹ್ನದ ಮೇಲೆ ಪಶ್ಚಿಮ. ಹಾಗಾಗಿ ಬೆಳಗ್ಗೆ ಪೂರ್ವದ ಇಳಿಜಾರು ಹತ್ತಿ ಪಶ್ಚಿಮಕ್ಕೆ ಇಳಿಯೋ ದಾರಿ ಆದ್ರೆ ಹತ್ತೋ ಭಾಗ ಬೇಗ ಮುಗಿಸ್ಬೇಕು. ಉತ್ತರದ್ದು ಸೇಫ್ ಅಂತ ಯೂರೋಪಿನವರು ಬರೆದ ಗೈಡ್‌ಗಳಲ್ಲಿ ಇರತ್ತೆ, ಇದನ್ನ ಹಾಗೇ ಇಲ್ಲಿಗೆ ತರಬೇಡಿ. ಮೇ ಮಧ್ಯದಲ್ಲಿ ಮನಾಲಿ ಆಸುಪಾಸು ನಡುಮಧ್ಯಾಹ್ನದ ಸೂರ್ಯ ಸುಮಾರು 77 ಡಿಗ್ರಿ ಎತ್ತರದಲ್ಲಿ, ಹತ್ತಿರ ಹತ್ತಿರ ನೆತ್ತಿ ಮೇಲೇ ಇರ್ತಾನೆ, ಆಲ್ಪ್ಸ್‌ನಲ್ಲಿ 63 ಅಷ್ಟೇ. ಅಂದ್ರೆ ಉತ್ತರಕ್ಕೆ ಮುಖ ಮಾಡಿದ 35 ಡಿಗ್ರಿ ಇಳಿಜಾರಿಗೂ ಇಲ್ಲಿ ಚೆನ್ನಾಗೇ ಬಿಸಿಲು ಬೀಳತ್ತೆ.

ಇನ್ನೊಂದು, ನಾನು ಎಲ್ಲೂ ಓದಿಲ್ಲ, ಲೆಕ್ಕ ಹಾಕಿದಾಗ ಹೊಳೆದಿದ್ದು. ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯ ಒಂದೇ ಹೊತ್ತಿಗೆ ಬರಲ್ಲ. ಮನಾಲಿಗಿಂತ ಸಿಕ್ಕಿಂನಲ್ಲಿ ಸೂರ್ಯ ಮುಕ್ಕಾಲು ಗಂಟೆ ಮುಂದೆ. ಹಿಮಾಚಲದಲ್ಲಿ '10 ಗಂಟೆಯೊಳಗೆ ದಾಟಿ' ಅಂದ್ರೆ ಸಿಕ್ಕಿಂನಲ್ಲಿ ಅದು ಒಂಬತ್ತೂಕಾಲು. 2023ರ ಏಪ್ರಿಲ್ 4ರಂದು ಗ್ಯಾಂಗ್ಟಾಕ್‌ನಿಂದ ನಾಥು ಲಾ ಹೋಗೋ ರಸ್ತೆಯ 15ನೇ ಮೈಲಿಯಲ್ಲಿ ಹಿಮ ಕುಸಿದು 7 ಜನ ಪ್ರವಾಸಿಗರು ಸತ್ರು, ಅದಾಗಿದ್ದು ಮಧ್ಯಾಹ್ನದ ಹೊತ್ತಿಗೆ. ಟ್ರೆಕ್ಕರ್‌ಗಳಲ್ಲ, ಟ್ಯಾಕ್ಸಿಯಲ್ಲಿ ಬಂದು ಹಿಮದಲ್ಲಿ ಆಡೋಕೆ ಇಳಿದವರು. ಅವತ್ತು ಬಿಟ್ಟಿದ್ದು 13ನೇ ಮೈಲಿವರೆಗೆ ಮಾತ್ರ. ಹಾಗಾಗಿ ಮನೆಯವರನ್ನ ಕರ್ಕೊಂಡು ಟೂರ್ ಹೋಗೋರೂ ಇದನ್ನ ಓದಿ, ಡ್ರೈವರ್ 'ಇನ್ನೊಂದ್ ಸ್ವಲ್ಪ ಮುಂದೆ ಚೆನ್ನಾಗಿದೆ ಸಾರ್' ಅಂದ್ರೂ ಬೋರ್ಡ್ ಎಲ್ಲಿ ನಿಲ್ಲಿ ಅಂದಿದೆಯೋ ಅಲ್ಲೇ ನಿಲ್ಲಿ.

ಹೆಜ್ಜೆ 6: ನಡೆಯುವಾಗ

ಅನುಮಾನ ಇರೋ ಇಳಿಜಾರನ್ನ ಒಬ್ಬೊಬ್ಬರೇ ದಾಟಿ, ಉಳಿದವರು ಸೇಫ್ ಜಾಗದಲ್ಲಿ ನಿಂತು ದಾಟ್ತಿರೋರನ್ನೇ ನೋಡ್ತಿರ್ಲಿ, ಮೊಬೈಲ್ ನೋಡ್ಬೇಡಿ. ಜೋಡಿ ಜೋಡಿ, ಕೈ ಕೈ ಹಿಡ್ಕೊಂಡು ಹೋಗೋದು ಪ್ರೀತಿ ಸರಿ, ಹಿಮ ಬಂದ್ರೆ ಇಬ್ಬರೂ ಹೋಗ್ತೀರಿ, ಹುಡುಕೋಕೆ ಒಬ್ಬರು ಕಮ್ಮಿ. ಪೋಲ್‌ನ ಲೂಪ್ ಮಣಿಕಟ್ಟಿಂದ ತೆಗೀರಿ. ಮಧ್ಯದಲ್ಲಿ ನೀರು ಕುಡಿಯೋಕೆ, ಸೆಲ್ಫಿಗೆ ನಿಲ್ಬೇಡಿ. ಮಾತಾಡಿದ್ರೆ, ಕೂಗಿದ್ರೆ ಹಿಮ ಜಾರತ್ತೆ ಅನ್ನೋದು ಸಿನಿಮಾ ಕಥೆ, ಧಾರಾಳವಾಗಿ ಕೂಗಿ ಒಬ್ಬರಿಗೊಬ್ಬರು ಎಚ್ಚರಿಸಿ.

ವಾಪಸ್ ತಿರುಗೋ ಸೂಚನೆಗಳು: ಕಾಲು ಪಾದದ ಗಂಟಿಗಿಂತ ಮೇಲಕ್ಕೆ ಹೂತ್ಕೊಳೋಕೆ ಶುರುವಾಯ್ತು, ಉಂಡೆಗಳು ಉರುಳೋಕೆ ಶುರುವಾಯ್ತು, ಅಕ್ಕಪಕ್ಕದ ಇಳಿಜಾರಲ್ಲಿ ಹೊಸದಾಗಿ ಕುಸಿದ ಗುರುತು ಕಾಣ್ತು, ಕಾಲ ಕೆಳಗೆ ದುಪ್ ಅಂತ ಕುಸಿದ ಸದ್ದು ಬಂತು, ಹಿಮದಲ್ಲಿ ಬಿರುಕು ಓಡ್ತು. ಯಾವುದಾದ್ರೂ ಒಂದು ಸಾಕು, ಐದೂ ಆಗೋವರೆಗೆ ಕಾಯ್ಬೇಡಿ. ಬಿಸಿಲೇರಿದ ಮೇಲೆ ಬಂಡೆ ಹಿಡ್ಕೊಂಡಿರೋ ಐಸ್ ಕರಗಿ ಕಲ್ಲುಗಳೂ ಬೀಳತ್ತೆ, ಹಳ್ಳದ ಮೇಲಿನ ಹಿಮದ ಸೇತುವೆಗಳು ಸಂಜೆ ಹೊತ್ತಿಗೆ ತೆಳ್ಳಗಾಗಿರತ್ತೆ, ಕೆಳಗೆ ನೀರಿನ ಸದ್ದು ಜೋರಾಗಿ ಕೇಳಿದ್ರೆ ಪೋಲ್ ಚುಚ್ಚಿ ನೋಡ್ದೇ ಕಾಲಿಡ್ಬೇಡಿ. ಕೂತ್ಕೊಂಡು ಜಾರೋದು, ಸಾರ್ ಪಾಸ್‌ಗೆ ಹೋದವರೆಲ್ಲ ಅದನ್ನೇ ಹೇಳ್ಕೊಂಡು ತಿರುಗ್ತಾರೆ, ಗೈಡ್ ಮೊದಲು ಹೋಗಿ ನೋಡಿದ ಜಾಗದಲ್ಲಿ ಮಾತ್ರ, ಶೂಗೆ ಕಟ್ಟೋ ಮುಳ್ಳುಗಳನ್ನ (ಕ್ರಾಂಪಾನ್, ಮೈಕ್ರೋಸ್ಪೈಕ್) ಬಿಚ್ಚಿಟ್ಟು, ಇಲ್ಲಾಂದ್ರೆ ಕಾಲು ಮುರಿಯತ್ತೆ.

ತಿರುಗೋದು ಹೇಳಿದಷ್ಟು ಸುಲಭ ಅಲ್ಲ. ರಜೆ ಸಿಗಲ್ಲ, ಇಷ್ಟು ದುಡ್ಡು ಕೊಟ್ಟಿದೀವಿ, ಮುಂದಿನ ಗುಂಪು ಹೋಗ್ತಿದೆಯಲ್ಲ. ಆಮೇಲೆ ಇನ್ನೊಂದು ವರ್ಷ ಬೇರೆ ಟ್ರೆಕ್‌ನಲ್ಲಿ ನಾನೇ ಹಠ ಮಾಡಿ ಗುಂಪನ್ನ ವಾಪಸ್ ತಿರುಗಿಸ್ದೆ, ಬೆಳಗ್ಗೆ 8ಕ್ಕೇ ಹಿಮ ಗಂಜಿಯಾಗಿತ್ತು. ಕ್ಯಾಂಪಲ್ಲಿ ಕೂತು ಸಂಜೆವರೆಗೆ ಆ ಇಳಿಜಾರನ್ನೇ ನೋಡಿದ್ವಿ. ಒಂದು ಉಂಡೆನೂ ಉರುಳ್ಲಿಲ್ಲ. ದೆಹಲಿವರೆಗೂ ಬೈಸ್ಕೊಂಡೆ. ಇನ್ನೊಂದ್ಸಲ ಅದೇ ಥರ ಬೆಳಗಾದ್ರೂ ತಿರುಗಿಸ್ತೀನಿ.

ಹೆಜ್ಜೆ 7: ಸಿಕ್ಕಿಬಿದ್ರೆ

ನಿಮ್ಮ ಕಡೆ ಬರ್ತಿದ್ರೆ ಕೂಗಿ, ಪೋಲ್ ಬಿಸಾಕಿ, ಕೆಳಕ್ಕೆ ಓಡ್ಬೇಡಿ, ಪಕ್ಕಕ್ಕೆ ಓಡಿ. ಎಳ್ಕೊಂಡು ಹೋದ್ರೆ ಕೈಕಾಲು ಬಡಿದು ಮೇಲೇ ಇರೋಕೆ ನೋಡಿ, ನಿಧಾನ ಆಗ್ತಿದೆ ಅನ್ನಿಸಿದ ಕ್ಷಣ ಒಂದು ಕೈ ಮುಖದ ಮುಂದೆ ತಂದು ಉಸಿರಾಡೋಕೆ ಜಾಗ ಮಾಡ್ಕೊಳ್ಳಿ, ಇನ್ನೊಂದು ಕೈ ಮೇಲಕ್ಕೆ. ಹಿಮ ನಿಂತ ಮೇಲೆ ಕಾಂಕ್ರೀಟ್, ಬೆರಳೂ ಅಲ್ಲಾಡಲ್ಲ.

ಹೊರಗಿರೋರಿಗೆ ಇದಕ್ಕಿಂತ ಮುಖ್ಯ ಕೆಲಸ. ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದ್ರು, ಫೆಬ್ರವರಿ 11ಕ್ಕೆ ಆಸ್ಪತ್ರೆಯಲ್ಲಿ ತೀರ್ಕೊಂಡ್ರು. ಇಡೀ ರಾಜ್ಯ ಪ್ರಾರ್ಥನೆ ಮಾಡಿತ್ತು, ಅದು ನೆನಪಲ್ಲಿ ಇರೋದ್ರಿಂದ ಹಿಮದಡಿ ದಿನಗಟ್ಟಲೆ ಬದುಕಬಹುದು ಅಂತ ಎಷ್ಟೋ ಜನ ಅಂದ್ಕೊಂಡಿದಾರೆ. ಅವರದು ಅಪರೂಪದಲ್ಲಿ ಅಪರೂಪ. ಮಾಮೂಲಿ ಲೆಕ್ಕ ಹೀಗಿದೆ: 10-15 ನಿಮಿಷದೊಳಗೆ ತೆಗೆದ್ರೆ ಹೆಚ್ಚಿನವರು ಬದುಕ್ತಾರೆ, ಅರ್ಧ ಗಂಟೆ ದಾಟಿದ್ರೆ ಹೆಚ್ಚಿನವರು ಇಲ್ಲ, ಉಸಿರುಗಟ್ಟಿ. ಹೆಲಿಕಾಪ್ಟರ್ 15 ನಿಮಿಷದಲ್ಲಿ ಬರಲ್ಲ. ನೀವೇ ತೆಗೀಬೇಕು.

ಕೊನೇ ಸಲ ಕಾಣಿಸಿದ ಜಾಗ ಗುರುತು ಮಾಡಿ, ಅಲ್ಲಿಂದ ಕೆಳಗೆ ಹುಡುಕಿ. ಮೊದಲು ಮೇಲೆ ಬಿಸಿಲಿನ ಟೋಪಿ, ಗ್ಲೌಸ್, ಬ್ಯಾಗ್ ಏನಾದ್ರೂ ಕಾಣತ್ತಾ ನೋಡಿ. ಬೀಕನ್ (ಹಿಮದಡಿ ಇದ್ರೂ ರೇಡಿಯೋ ಸಿಗ್ನಲ್ ಕಳಿಸೋ, ಬೇರೆಯವರ ಸಿಗ್ನಲ್ ಹುಡುಕೋ ಚಿಕ್ಕ ಸಾಧನ) ಇದ್ರೆ ಉಳಿದವರೆಲ್ಲ ತಮ್ಮದನ್ನ ಹುಡುಕೋ ಮೋಡ್‌ಗೆ ಹಾಕಿ, ಒಬ್ಬರು ಮರೆತ್ರೂ ಅವರ ಸಿಗ್ನಲ್ ಹಿಂದೆ ಓಡ್ತೀರಿ. ಇಲ್ಲಾಂದ್ರೆ ಪೋಲ್‌ನ ಕೆಳಗಿನ ಬಿಲ್ಲೆ ತೆಗೆದು ಸಾಲಾಗಿ ನಿಂತು ಚುಚ್ಚಿ. ಸಿಕ್ಕಿದ ಮೇಲೆ ನೇರ ಮೇಲಿಂದ ಅಗೀಬೇಡಿ, ಇಳಿಜಾರಿನ ಕೆಳಭಾಗದಿಂದ ಅಡ್ಡಕ್ಕೆ ಅಗೆದು ಹೋಗಿ, ಮೊದಲು ಮುಖ, ಬಾಯಿ ಮೂಗಿನ ಹಿಮ ತೆಗೀರಿ. ಉಸಿರಿಲ್ಲ ಅಂದ್ರೆ ಬಾಯಿಂದ ಉಸಿರು ಕೊಟ್ಟು ಸಿಪಿಆರ್. ಎಲ್ಲರೂ ಸಹಾಯ ತರೋಕೆ ಅಂತ ಕೆಳಗೆ ಓಡ್ಬೇಡಿ. ನೆಟ್‌ವರ್ಕ್ ಸಿಕ್ಕಿದ್ರೆ 112. ಮೇಲೆ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಮಾತ್ರ ಬರತ್ತೆ, ಗುಂಪಲ್ಲಿ ಒಂದಾದ್ರೂ ಆ ಸಿಮ್ ಇರ್ಲಿ. ವಿದೇಶದಲ್ಲಿರೋ ಗೆಳೆಯರು ಕೊಟ್ಟ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ತಗೊಂಡ್ ಹೋಗ್ಬೇಡಿ, ಅನುಮತಿ ಇಲ್ದೆ ಇಟ್ಕೊಂಡ್ರೆ ಇಲ್ಲಿ ಕೇಸ್ ಆಗತ್ತೆ.

ಬೀಕನ್ ಬಗ್ಗೆ ಎರಡು ಮಾತು. ಮಾಮೂಲಿ ಟ್ರೆಕ್‌ಗಳಲ್ಲಿ ನಮ್ಮಲ್ಲಿ ಇದನ್ನ ಕೊಡೋದು ಕಮ್ಮಿ, ಗುಲ್ಮಾರ್ಗ್ ಥರ ಸ್ಕೀ ಮಾಡೋ ಜಾಗದಲ್ಲಿ ಬಾಡಿಗೆಗೆ ಸಿಗತ್ತೆ. 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡೋದಾದ್ರೆ ಬೇರೆ ಬೇರೆ ಬ್ರಾಂಡ್ ಇದ್ರೂ ಒಂದಕ್ಕೊಂದು ಕೇಳ್ಸತ್ತೆ. ಬೀಕನ್, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕೋ ಉದ್ದ ಕೋಲು), ಶವೆಲ್ ಮೂರೂ ಒಟ್ಟಿಗೆ ಇರ್ಬೇಕು, ಒಂದಿಲ್ಲಾಂದ್ರೂ ಉಳಿದೆರಡರ ಉಪಯೋಗ ಅಷ್ಟಕ್ಕಷ್ಟೇ. ಮತ್ತೆ ಅಭ್ಯಾಸ ಇಲ್ದೆ ಅದು ಬರೀ ಕತ್ತಿನ ಭಾರ. ನಾವು ಮೂರು ಜನ ಭಾನುವಾರ ಬೆಳಗ್ಗೆ ಪಾರ್ಕಿಗೆ ಹೋಗಿ ಒಂದು ಬೀಕನ್ನನ್ನ ಟಿಫನ್ ಡಬ್ಬಿಯಲ್ಲಿ ಹಾಕಿ ತರಗೆಲೆ ರಾಶಿಯೊಳಗೆ ಬಚ್ಚಿಟ್ಟು ಹುಡುಕ್ತೀವಿ. ಡಬ್ಬಿ ಸ್ಟೀಲ್‌ದಲ್ಲ, ಪ್ಲಾಸ್ಟಿಕ್‌ದು ಇರ್ಬೇಕು, ಮೊದಲ ಸಲ ಸ್ಟೀಲ್ ಡಬ್ಬಿ ಹಾಕಿ ಅರ್ಧ ಗಂಟೆ ಪರದಾಡಿದ್ವಿ. ದೂರದಲ್ಲಿ ಜೋರಾಗಿ ನಡೀರಿ, 10 ಮೀಟರ್ ಒಳಗೆ ಬಂದ ಮೇಲೆ ನಿಧಾನ, ಕೊನೇ 3 ಮೀಟರ್‌ನಲ್ಲಿ ಬೀಕನ್ನನ್ನ ನೆಲಕ್ಕೆ ತಾಗಿಸಿದ ಹಾಗೆ ಹಿಡಿದು ಉದ್ದಕ್ಕೆ ಒಂದ್ಸಲ ಅಡ್ಡಕ್ಕೆ ಒಂದ್ಸಲ. ಹೋದ ವಾರ ನಮ್ಮ ಟೈಮ್ ನಾಕು ನಿಮಿಷಕ್ಕೆ ಇಳೀತು. ಪಕ್ಕದಲ್ಲಿ ವಾಕಿಂಗ್ ಮಾಡ್ತಿದ್ದ ಅಂಕಲ್ ಒಬ್ಬರು ನಿಂತು ನೋಡಿ 'ಏನಪ್ಪಾ, ಚಿನ್ನ ಗಿನ್ನ ಕಳ್ಕೊಂಡ್ರಾ?' ಅಂದ್ರು, ಆಮೇಲೆ ತಾವೂ ಒಂದು ಸಲ ಹುಡುಕಿ ನೋಡಿದ್ರು, ಆರೂವರೆ ನಿಮಿಷ.